ಬಾಸ್ಕರ್‌ವಿಲ್ ಅಕ್ಷರ: ಗುರುತು ಹಿಡಿಯೋದರಿಂದ ಅಚ್ಚು ಹಾಕಿಸೋವರೆಗೆ

ಇಂಗ್ಲಿಷ್ ಪುಸ್ತಕದ ಒಳಪುಟಕ್ಕೆ ಯಾವ ಫಾಂಟ್ ಹಾಕಲಿ ಎಂದು ಯಾರಾದರೂ ಕೇಳಿದರೆ ನನ್ನ ಬಾಯಿಗೆ ಮೊದಲು ಬರುವ ಹೆಸರು ಬಾಸ್ಕರ್‌ವಿಲ್. ಸೆರಿಫ್ (ಗೆರೆಗಳ ತುದಿಯಲ್ಲಿ ಚಾಚಿಕೊಂಡಿರುವ ಸಣ್ಣ ಪಾದ) ಇರುವ ಹಳೆಯ ಅಕ್ಷರಗಳಲ್ಲಿ ಇದರಷ್ಟು ತಿಳಿಯಾಗಿರೋದು ಬೇರೆ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಆದರೆ ಹೆಸರು ಹೇಳಿ ಸುಮ್ಮನಾದರೆ ಸಾಲದು. ಮೆನುವಿನಲ್ಲಿ ಸಿಕ್ಕಿತು ಎಂದು ಆರಿಸಿ, ಹತ್ತು ಪಾಯಿಂಟ್ ಕೊಟ್ಟು, ಪುಟದ ತುಂಬ ಸುರಿದುಬಿಟ್ಟರೆ ಇದು ಸೊರಗಿ ಹೋಗುತ್ತದೆ. ಯಾಕೆ ಹಾಗೆ, ಅದು ಆಗದಂತೆ ಏನು ಮಾಡಬೇಕು ಅನ್ನೋದನ್ನು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಕೆಲಸಕ್ಕೆ ಕೈ ಹಾಕುವ ಮುಂಚೆ ಇದರ ಹುಟ್ಟನ್ನು ಸ್ವಲ್ಪ ತಿಳಿದಿದ್ದರೆ ಒಳ್ಳೆಯದು. ಮುಂದಿನ ಎಲ್ಲ ಸಲಹೆಗಳ ಬೇರು ಅಲ್ಲೇ ಇದೆ.

ಜಾನ್ ಬಾಸ್ಕರ್‌ವಿಲ್ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನವನು. ಮೊದಲು ಕೈಬರಹ ಕಲಿಸುವ ಮೇಷ್ಟ್ರಾಗಿದ್ದ, ಗೋರಿಕಲ್ಲುಗಳ ಮೇಲೆ ಅಕ್ಷರ ಕೆತ್ತುತ್ತಿದ್ದ. ಆಮೇಲೆ ಮೆರುಗೆಣ್ಣೆ ಹಚ್ಚಿದ ಸಾಮಾನುಗಳ ವ್ಯಾಪಾರಕ್ಕಿಳಿದು ಚೆನ್ನಾಗಿ ದುಡ್ಡು ಮಾಡಿದ. 1750ರ ಹೊತ್ತಿಗೆ ಆ ದುಡ್ಡನ್ನು ತಂದು ಅಚ್ಚಿನ ಕೆಲಸಕ್ಕೆ ಸುರಿದ. ಆತ ಬರೆದ ಅಕ್ಷರಗಳಿಗೆ ಉಕ್ಕಿನಲ್ಲಿ ಅಚ್ಚು ಕೊರೆದುಕೊಟ್ಟವನು ಜಾನ್ ಹ್ಯಾಂಡಿ. ಮೊದಲ ಪುಸ್ತಕ, ಲ್ಯಾಟಿನ್ ಕವಿ ವರ್ಜಿಲ್‌ನ ಕಾವ್ಯ, ಹೊರಬಂದಿದ್ದು 1757ರಲ್ಲಿ. ಇಷ್ಟು ವರ್ಷ ಯಾಕೆ ಹಿಡಿಯಿತು? ಯಾಕಂದ್ರೆ ಆತ ಬರೀ ಅಚ್ಚುಮೊಳೆ ಮಾಡಿಸಿ ಕೂರಲಿಲ್ಲ. ಮುದ್ರಣ ಯಂತ್ರವನ್ನು ತಿದ್ದಿದ. ಶಾಯಿಯನ್ನು ಇನ್ನಷ್ಟು ಕಪ್ಪಗೆ ಮಾಡಿದ. ಆಗಿನ ಕಾಗದದಲ್ಲಿ ಜಾಲರಿಯ ಗೆರೆಗಳು ಎದ್ದು ಕಾಣುತ್ತಿದ್ದವು. ಆ ಗೆರೆಗಳಿಲ್ಲದ ಹೊಸ ಬಗೆಯ ನಯವಾದ ಕಾಗದವನ್ನು ಆ ಪುಸ್ತಕದ ಒಂದಷ್ಟು ಭಾಗಕ್ಕೆ ಬಳಸಿದ. ಅಚ್ಚಾದ ಹಾಳೆಗಳನ್ನು ಬಿಸಿ ತಾಮ್ರದ ತಗಡುಗಳ ನಡುವೆ ಒತ್ತಿ ಇನ್ನೂ ನುಣುಪು ಮಾಡಿದ.

ಇದನ್ನೆಲ್ಲ ಯಾಕೆ ಮಾಡಿದ ಅಂದರೆ, ಆತನ ಅಕ್ಷರದ ತೆಳು ಗೆರೆಗಳು ಅಷ್ಟು ತೆಳುವಾಗಿದ್ದವು. ಒರಟು ಕಾಗದದಲ್ಲಿ ಅವು ನಿಲ್ಲುತ್ತಿರಲಿಲ್ಲ. ಅಂದರೆ ಕಾಗದ, ಶಾಯಿ, ಮೊಳೆ ಮೂರೂ ಒಂದೇ ಸೆಟ್. ನಾವು ಇವತ್ತು ಡೌನ್‌ಲೋಡ್ ಮಾಡಿಕೊಳ್ಳುವುದು ಆ ಮೂರರಲ್ಲಿ ಒಂದನ್ನು ಮಾತ್ರ. ಉಳಿದ ಎರಡನ್ನು ಹೊಂದಿಸುವ ಕೆಲಸ ನಮ್ಮದೇ.

ಹೆಜ್ಜೆ 1: ಗುರುತು ಹಿಡಿಯಿರಿ

ಬಳಸುವ ಮುಂಚೆ ಕಣ್ಣಿಗೆ ಅಭ್ಯಾಸ ಆಗಬೇಕು. ಬಾಸ್ಕರ್‌ವಿಲ್ ಅನ್ನು ದೊಡ್ಡದಾಗಿ, ಅಂದರೆ 72 ಪಾಯಿಂಟಿನಲ್ಲಿ, ಪರದೆಯ ಮೇಲೆ ಹಾಕಿ ಈ ಅಕ್ಷರಗಳನ್ನು ನೋಡಿ.

ಮೊದಲು ಸಣ್ಣ ಜಿ. ಇದೇ ಇದರ ಸಹಿ ಅನ್ನಬಹುದು. ಮೇಲೆ ಒಂದು ಮುಚ್ಚಿದ ದುಂಡು, ಅದರ ಬಲಕ್ಕೆ ಚಿಕ್ಕ ಕಿವಿ. ಕೆಳಗಿನ ಬಳ್ಳಿ ಸುತ್ತಿಕೊಂಡು ಬರುತ್ತದೆ, ಆದರೆ ಎಡಗಡೆ ಸೇರಿಕೊಳ್ಳುವ ಜಾಗಕ್ಕೆ ಬಂದು ನಿಂತುಬಿಡುತ್ತದೆ. ಅಲ್ಲಿ ಸಣ್ಣದೊಂದು ಬಾಯಿ ತೆರೆದೇ ಇರುತ್ತದೆ. ಲೇಖನಿ ಹಿಡಿದು ಬರೆಯುವ ಕೈ ಕೊನೆಯಲ್ಲಿ ಎತ್ತಿಬಿಟ್ಟ ಹಾಗೆ ಕಾಣುತ್ತದೆ. ಕೈಬರಹದ ಮೇಷ್ಟ್ರು ಇಲ್ಲಿ ಸಿಕ್ಕಿಬೀಳುತ್ತಾನೆ.

ಆಮೇಲೆ ದೊಡ್ಡ ಕ್ಯೂ. ಬಾಲ ಅಗಲಕ್ಕೆ, ಬಳುಕುತ್ತ ಹರಿಯುತ್ತದೆ. ದೊಡ್ಡ ಇ ಅಕ್ಷರದಲ್ಲಿ ಕೆಳಗಿನ ಅಡ್ಡಗೆರೆ ಮೇಲಿನದ್ದಕ್ಕಿಂತ ಉದ್ದ. ದೊಡ್ಡ ಜೆ ಸಾಲಿನ ಕೆಳಗೆ ಇಳಿಯುತ್ತದೆ. ದೊಡ್ಡ ಸಿ ಅಕ್ಷರಕ್ಕೆ ಮೇಲೂ ಕೆಳಗೂ ಎರಡೂ ಕಡೆ ಸೆರಿಫ್ ಇದೆ.

ಕೊನೆಗೆ ಸಣ್ಣ ಓ. ಅದರ ದಪ್ಪ ಭಾಗ ಎಲ್ಲಿದೆ ನೋಡಿ. ಗ್ಯಾರಮಾಂಡ್, ಕ್ಯಾಸ್ಲನ್‌ನಂಥ ಇನ್ನೂ ಹಳೆಯ ಅಕ್ಷರಗಳಲ್ಲಿ ಓ ಸ್ವಲ್ಪ ಎಡಕ್ಕೆ ವಾಲಿದಂತಿರುತ್ತದೆ. ಆಮೇಲೆ ಬಂದ ಬೊಡೋನಿ ಎಂಬ ಅಕ್ಷರದಲ್ಲಿ ಕಂಬದ ಹಾಗೆ ನೆಟ್ಟಗೆ, ತೆಳು ಗೆರೆಯಂತೂ ಕೂದಲೆಳೆ. ಬಾಸ್ಕರ್‌ವಿಲ್ ಇವೆರಡರ ಮಧ್ಯೆ ಇದೆ. ಓ ಹೆಚ್ಚುಕಡಿಮೆ ನೆಟ್ಟಗೆ ನಿಂತಿದೆ, ದಪ್ಪ ತೆಳುವಿನ ವ್ಯತ್ಯಾಸ ಜಾಸ್ತಿ, ಆದರೆ ಸೆರಿಫ್‌ಗಳು ಕಂಬಕ್ಕೆ ಮೃದುವಾದ ಬಾಗಿನಿಂದ ಸೇರಿಕೊಂಡಿವೆ. ಅಕ್ಷರ ಚರಿತ್ರೆಯಲ್ಲಿ ಇದನ್ನು ಟ್ರಾನ್ಸಿಷನಲ್ ಗುಂಪಿಗೆ ಸೇರಿಸುತ್ತಾರೆ. ನಡುವಿನದು ಅಂತ ಇದನ್ನು ಕಡಿಮೆ ಮಾಡಿ ನೋಡಬೇಡಿ. ಎರಡೂ ಕಡೆಯ ಒಳ್ಳೆಯ ಗುಣ ಇದಕ್ಕೆ ಬಂದಿದೆ.

ಹೆಜ್ಜೆ 2: ಯಾವ ಬಾಸ್ಕರ್‌ವಿಲ್ ಎಂದು ತೀರ್ಮಾನಿಸಿ

ಇಲ್ಲೇ ತುಂಬ ಜನ ಎಡವುವುದು. ಬಾಸ್ಕರ್‌ವಿಲ್ ಎಂಬ ಹೆಸರಿನಲ್ಲಿ ಹಲವು ಫಾಂಟ್‌ಗಳಿವೆ, ಒಂದು ಇದ್ದಂತೆ ಇನ್ನೊಂದು ಇಲ್ಲ. 1775ರಲ್ಲಿ ಆತ ತೀರಿಕೊಂಡ ಮೇಲೆ ಹೆಂಡತಿ ಸಾರಾ ಮೊಳೆಗಳನ್ನು ಫ್ರಾನ್ಸಿನ ನಾಟಕಕಾರ ಬೊಮಾರ್ಶೆಗೆ ಮಾರಿದರು. ವಾಲ್ಟೇರ್‌ನ ಸಮಗ್ರ ಕೃತಿಗಳು ಆ ಮೊಳೆಗಳಲ್ಲಿ ಅಚ್ಚಾದವು. ಆಮೇಲೆ ಬಹಳ ಕಾಲ ಈ ಅಕ್ಷರವನ್ನು ಕೇಳುವವರೇ ಇರಲಿಲ್ಲ. 1923ರಲ್ಲಿ ಮಾನೋಟೈಪ್ ಕಂಪನಿ ಇದಕ್ಕೆ ಮರುಜೀವ ಕೊಟ್ಟಿತು. ಉಕ್ಕಿನ ಮೂಲ ಅಚ್ಚುಗಳು 1953ರಲ್ಲಿ ಫ್ರಾನ್ಸಿನಿಂದ ಕೇಂಬ್ರಿಡ್ಜ್‌ಗೆ ವಾಪಸ್ ಬಂದವು. ಒಬ್ಬೊಬ್ಬರು ಒಂದೊಂದು ಮೂಲವನ್ನು ನೋಡಿಕೊಂಡು, ತಮ್ಮ ತಮ್ಮ ಕಾಲದ ಯಂತ್ರಕ್ಕೆ ತಕ್ಕಂತೆ ಮತ್ತೆ ಬರೆದಿದ್ದರಿಂದಲೇ ಇಷ್ಟು ಬಗೆ.

ಅಚ್ಚಾಗುವ ಪುಸ್ತಕಕ್ಕಾದರೆ ಮಾನೋಟೈಪ್ ಬಾಸ್ಕರ್‌ವಿಲ್ ಅಥವಾ ಐಟಿಸಿ ನ್ಯೂ ಬಾಸ್ಕರ್‌ವಿಲ್ ನೋಡಿ. ಎರಡಕ್ಕೂ ದುಡ್ಡು ಕೊಡಬೇಕು. ಮಾನೋಟೈಪ್‌ನದು ಸ್ವಲ್ಪ ಬೆಚ್ಚಗಿನ ಅಕ್ಷರ, ಹಳೆಯ ಪುಸ್ತಕದ ಕಳೆ ಇದೆ. ನ್ಯೂ ಬಾಸ್ಕರ್‌ವಿಲ್ ಹೆಚ್ಚು ಚೊಕ್ಕ, ಹೆಚ್ಚು ಹೊಳಪು. ಕಥೆ ಕಾದಂಬರಿಗೆ ನಾನು ಮೊದಲನೆಯದನ್ನೇ ಆರಿಸುವೆ. ಮ್ಯಾಕ್ ಕಂಪ್ಯೂಟರಿನಲ್ಲಿ ಬಾಸ್ಕರ್‌ವಿಲ್ ಮೊದಲೇ ಇರುತ್ತದೆ, ಅದೂ ಪುಸ್ತಕಕ್ಕೆ ಸಾಕಾಗುವಷ್ಟು ಚೆನ್ನಾಗಿದೆ.

ಪರದೆಗೆ ಲಿಬ್ರೆ ಬಾಸ್ಕರ್‌ವಿಲ್. ಇದು ಉಚಿತ, ಯಾರು ಬೇಕಾದರೂ ಬಳಸಬಹುದು. 1941ರ ಅಮೆರಿಕದ ಒಂದು ಬಾಸ್ಕರ್‌ವಿಲ್ ಮೊಳೆಯನ್ನು ಆಧಾರ ಇಟ್ಟುಕೊಂಡು ಇಂಪಲ್ಲಾರಿ ಟೈಪ್ ಮಾಡಿದ್ದು. ವೆಬ್ ಪುಟದಲ್ಲಿ 16 ಪಿಕ್ಸೆಲ್ ಸುತ್ತಮುತ್ತ ಓದಲು ಅಂತಲೇ ತಿದ್ದಿದ್ದಾರೆ. ಸಣ್ಣಕ್ಷರಗಳು ಎತ್ತರ, ಒಳಗಿನ ಖಾಲಿ ಜಾಗ ಅಗಲ, ತೆಳು ಗೆರೆಗಳು ಅಷ್ಟೇನೂ ತೆಳುವಲ್ಲ. ಇದನ್ನೇ ಅಚ್ಚಿಗೂ ಬಳಸುವವರಿದ್ದಾರೆ. ಬಳಸಬಹುದು, ಆದರೆ ಕಾಗದದ ಮೇಲೆ ಇದು ದೊಡ್ಡದಾಗಿ, ಸ್ವಲ್ಪ ಒಡ್ಡೊಡ್ಡಾಗಿ ಕಾಣುತ್ತದೆ. ಒಂದು ಪಾಯಿಂಟ್, ಬೇಕಾದರೆ ಒಂದೂವರೆ ಪಾಯಿಂಟ್ ಇಳಿಸಿಕೊಳ್ಳಿ.

ಮಿಸೆಸ್ ಈವ್ಸ್ ಎಂಬ ಹೆಸರು ಕೇಳಿರಬಹುದು. 1996ರಲ್ಲಿ ಜೂಜಾನಾ ಲಿಚ್ಕೊ ಮಾಡಿದ್ದು. ಬಾಸ್ಕರ್‌ವಿಲ್‌ನನ್ನು ಮದುವೆಯಾಗುವ ಮುಂಚೆ ಸಾರಾ ಅವರ ಹೆಸರು ಸಾರಾ ಈವ್ಸ್, ಈವ್ಸ್ ಎಂಬುದು ಮೊದಲ ಗಂಡನಿಂದ ಬಂದ ಹೆಸರು. ಪಾತ್ರ ಮುಖ್ಯವಾಗಿದ್ದರೂ ಚರಿತ್ರೆ ಮರೆತಿದ್ದ ಹೆಂಗಸೊಬ್ಬರ ಹೆಸರು ಒಂದು ಅಕ್ಷರಕ್ಕೆ ಬಂದಿದ್ದು ನನಗೆ ತುಂಬ ಇಷ್ಟ. ಅಕ್ಷರವೂ ಚೆಂದ. ಆದರೆ ಸಣ್ಣಕ್ಷರಗಳು ತೀರ ಕುಳ್ಳು, ನಡುವಿನ ಅಂತರ ಜಾಸ್ತಿ. ಹಾಗಾಗಿ ರಕ್ಷಾಪುಟ, ಕವಿತೆ, ಆಹ್ವಾನಪತ್ರಕ್ಕೆ ಇಡಿ. ಮುನ್ನೂರು ಪುಟದ ಕಾದಂಬರಿಗೆ ಬೇಡ.

ಇನ್ನೊಂದು ಎಚ್ಚರಿಕೆ. ವಿಂಡೋಸ್‌ನಲ್ಲಿ ಆಫೀಸ್ ಹಾಕಿಕೊಂಡವರಿಗೆ ಬಾಸ್ಕರ್‌ವಿಲ್ ಓಲ್ಡ್ ಫೇಸ್ ಎಂಬುದು ಸಿಗುತ್ತದೆ. ಹೆಸರು ನೋಡಿ ಇದೇ ಅಸಲಿ ಅಂದುಕೊಳ್ಳುತ್ತಾರೆ. ಅದು ಬಾಸ್ಕರ್‌ವಿಲ್‌ನದೇ ಅಲ್ಲ. ಅದೇ ಕಾಲದ ಇನ್ನೊಂದು ಅಚ್ಚುಮೊಳೆ ಕಾರ್ಖಾನೆಯವರು ಆತನನ್ನು ಅನುಸರಿಸಿ ಮಾಡಿದ ಅಕ್ಷರದಿಂದ ಬಂದದ್ದು. ದೊಡ್ಡ ಶೀರ್ಷಿಕೆಗೆ ಸೊಗಸಾಗಿದೆ. ಆದರೆ ಅದಕ್ಕೆ ಇಟಾಲಿಕ್ ಇಲ್ಲ, ಬೋಲ್ಡ್ ಇಲ್ಲ. ನೀವು ಇಟಾಲಿಕ್ ಗುಂಡಿ ಒತ್ತಿದರೆ ವರ್ಡ್ ಅದನ್ನು ಸುಮ್ನೆ ಓರೆ ಮಾಡಿ ತೋರಿಸುತ್ತದೆ.

ಅಸಲಿ ಇಟಾಲಿಕ್ ಹೌದೋ ಅಲ್ಲವೋ ಎಂದು ನೋಡಲು ಸುಲಭದ ದಾರಿ ಇದೆ. ಸಣ್ಣ ಎ ಅಕ್ಷರ ಟೈಪ್ ಮಾಡಿ. ಇಟಾಲಿಕ್ ಕೊಡಿ. ಮೇಲಿನ ಕೊಕ್ಕೆ ಮಾಯವಾಗಿ, ಕೈಯಲ್ಲಿ ಬರೆಯುವ ಹಾಗೆ ಒಂದೇ ಹೊಟ್ಟೆಯ ಅಕ್ಷರ ಬಂದರೆ ಅದು ಅಸಲಿ. ಕೊಕ್ಕೆ ಹಾಗೇ ಇದ್ದು ಬರೀ ವಾಲಿಕೊಂಡರೆ ನಕಲಿ. ಸೆರಿಫ್ ಇರುವ ಯಾವ ಫಾಂಟಿಗೇ ಆದರೂ ದುಡ್ಡು ಕೊಡುವ ಮುಂಚೆ ಇದೊಂದು ಪರೀಕ್ಷೆ ಮಾಡಿಬಿಡಿ.

ಹೆಜ್ಜೆ 3: ಗಾತ್ರ, ಸಾಲಿನ ಅಂತರ, ಸಾಲಿನ ಅಗಲ

ಈ ಮೂರನ್ನೂ ಒಟ್ಟಿಗೇ ಹೊಂದಿಸಬೇಕು. ಒಂದನ್ನು ಮುಟ್ಟಿದರೆ ಉಳಿದೆರಡೂ ಅಲುಗಾಡುತ್ತವೆ.

ಪುಸ್ತಕದ ಪಠ್ಯಕ್ಕೆ 10.5 ಅಥವಾ 11 ಪಾಯಿಂಟಿನಿಂದ ಶುರು ಮಾಡಿ. ಸಾಲಿನ ಅಂತರ, ಅಂದರೆ ಒಂದು ಸಾಲಿನ ಬುಡದಿಂದ ಮುಂದಿನ ಸಾಲಿನ ಬುಡಕ್ಕೆ, 14 ಅಥವಾ 14.5 ಪಾಯಿಂಟ್. ಒಂದು ಸಾಲಿನಲ್ಲಿ ಖಾಲಿ ಜಾಗವೂ ಸೇರಿ 60ರಿಂದ 68 ಅಕ್ಷರ ಬಂದರೆ ಸರಿಯಾಯಿತು. 75 ದಾಟಿದರೆ ಅಂತರವನ್ನು ಇನ್ನೂ ಅರ್ಧ ಪಾಯಿಂಟ್ ಹೆಚ್ಚಿಸಿ, ಇಲ್ಲವೇ ಮಾರ್ಜಿನ್ ದೊಡ್ಡದು ಮಾಡಿ. ಎರಡನೆಯದೇ ಒಳ್ಳೆಯದು.

ಬಾಸ್ಕರ್‌ವಿಲ್ ಅಕ್ಷರಗಳು ಅಗಲ. ಟೈಮ್ಸ್ ನ್ಯೂ ರೋಮನ್ ಹುಟ್ಟಿದ್ದು ಪತ್ರಿಕೆಯ ಕಿರಿದಾದ ಕಾಲಮ್ಮಿಗೆ, ಜಾಗ ಉಳಿಸುವುದೇ ಅದರ ಕೆಲಸ. ಅದರಿಂದ ಬಾಸ್ಕರ್‌ವಿಲ್‌ಗೆ ಬದಲಾಯಿಸಿದರೆ ಪುಟಗಳು ಹೆಚ್ಚಾಗುತ್ತವೆ. ಆಗ ತುಂಬ ಜನ ಪುಟ ಉಳಿಸಲು ಅಕ್ಷರಗಳ ನಡುವಿನ ಅಂತರ ಕಡಿಮೆ ಮಾಡುತ್ತಾರೆ, ಇಲ್ಲವೇ ಅಕ್ಷರವನ್ನೇ 95 ಪ್ರತಿಶತಕ್ಕೆ ಹಿಚುಕುತ್ತಾರೆ. ದಯವಿಟ್ಟು ಬೇಡ. ಅಡ್ಡಕ್ಕೆ ಹಿಚುಕಿದಾಗ ನಿಂತ ಗೆರೆಗಳು ಮಾತ್ರ ತೆಳುವಾಗುತ್ತವೆ, ಮಲಗಿದ ಗೆರೆಗಳು ಹಾಗೇ ಉಳಿಯುತ್ತವೆ. ದಪ್ಪ ತೆಳುವಿನ ಲೆಕ್ಕವೇ ತಪ್ಪಿಹೋಗುತ್ತದೆ. ಈ ಅಕ್ಷರದ ಚೆಲುವೆಲ್ಲ ಆ ಲೆಕ್ಕದಲ್ಲೇ ಇದೆ. ಪುಟ ಉಳಿಸಲೇಬೇಕು ಅನ್ನುವ ಕೆಲಸವಿದ್ದರೆ ಬೇರೆ ಫಾಂಟ್ ತೆಗೆದುಕೊಳ್ಳಿ.

ವೆಬ್ ಪುಟಕ್ಕೆ ಲಿಬ್ರೆ ಬಾಸ್ಕರ್‌ವಿಲ್ 16ರಿಂದ 18 ಪಿಕ್ಸೆಲ್, ಸಾಲಿನ ಎತ್ತರ ಅದರ 1.6ರಿಂದ 1.7 ಪಟ್ಟು. ಮೊಬೈಲಿನಲ್ಲಿ ಅಗಲ ಕಡಿಮೆ ಇರುವುದರಿಂದ ಎರಡೂ ಬದಿ ಜೋಡಿಸಬೇಡಿ, ಎಡಕ್ಕೆ ಮಾತ್ರ ಜೋಡಿಸಿ. ಇಲ್ಲದಿದ್ದರೆ ಪದಗಳ ನಡುವೆ ದೊಡ್ಡ ದೊಡ್ಡ ತೂತು ಬೀಳುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ತೋರಿಸುವುದಾದರೆ ಗಾತ್ರ ಒಂದು ಪಿಕ್ಸೆಲ್ ಏರಿಸಿ, ಅಚ್ಚ ಬಿಳಿಯ ಬದಲು ತುಸು ಬೂದು ಕಲೆಸಿದ ಬಿಳಿ ಹಾಕಿ. ಅಚ್ಚ ಬಿಳಿಯಲ್ಲಿ ದಪ್ಪ ಗೆರೆಗಳು ಕಣ್ಣು ಕುಕ್ಕುತ್ತವೆ, ತೆಳು ಗೆರೆಗಳು ಮರೆಯಾಗುತ್ತವೆ.

ಹೆಜ್ಜೆ 4: ಕಾಗದ ಮತ್ತು ಶಾಯಿ

ನಯವಾದ ಕಾಗದ ಬೇಕು. ಹೊಳೆಯುವ ಆರ್ಟ್ ಪೇಪರೇ ಆಗಬೇಕಿಲ್ಲ. ಓದುವ ಪುಸ್ತಕಕ್ಕೆ ಹೊಳಪು ಕಾಗದ ಕಣ್ಣಿಗೆ ಹಿಂಸೆ. ತುಸು ಕೆನೆ ಬಣ್ಣದ, ಮುಟ್ಟಿದರೆ ನುಣುಪಾದ, ಹೊಳಪಿಲ್ಲದ ಕಾಗದ ಇದಕ್ಕೆ ಹೇಳಿ ಮಾಡಿಸಿದ್ದು. ನ್ಯೂಸ್‌ಪ್ರಿಂಟಿನಂತಹ ಕಾಗದ ಶಾಯಿಯನ್ನು ಹೀರಿ ಹರಡುತ್ತದೆ. ಸಣ್ಣ ಇ ಅಕ್ಷರದ ಕಣ್ಣು ಮುಚ್ಚಿಹೋಗುತ್ತದೆ, ಸೆರಿಫ್‌ನ ಚೂಪು ಮೊಂಡಾಗುತ್ತದೆ.

ಬಣ್ಣದ ಪುಸ್ತಕವಾದರೆ ಒಂದು ಸಂಗತಿ ಕಡ್ಡಾಯ. ಅಕ್ಷರದ ಕಪ್ಪು ಬರೀ ಕಪ್ಪು ಶಾಯಿಯದ್ದೇ ಆಗಿರಬೇಕು. ಮುದ್ರಣದ ನಾಲ್ಕೂ ಬಣ್ಣ (ನೀಲಿ, ಕೆಂಪು, ಹಳದಿ, ಕಪ್ಪು) ಸೇರಿಸಿ ಮಾಡಿದ ಕಪ್ಪು ಇದ್ದರೆ, ಬಣ್ಣಕ್ಕೆ ಒಂದರಂತೆ ಇರುವ ನಾಲ್ಕು ಪ್ಲೇಟ್‌ಗಳು ಕೂದಲಿನಷ್ಟು ಆಚೀಚೆ ಆದರೂ ತೆಳು ಗೆರೆಯ ಪಕ್ಕ ನೀಲಿ, ಕೆಂಪಿನ ನೆರಳು ಕಾಣುತ್ತದೆ. ವರ್ಡ್‌ನಿಂದ ಮಾಡಿದ ಪಿಡಿಎಫ್‌ನಲ್ಲಿ ಇದು ಆಗುವ ಸಾಧ್ಯತೆ ಜಾಸ್ತಿ. ಪ್ರೆಸ್ಸಿಗೆ ಕೊಡುವ ಮುಂಚೆ ಅಡೋಬಿ ಅಕ್ರೋಬ್ಯಾಟ್ ಪ್ರೊ‌ನಲ್ಲಿ ಬಣ್ಣಗಳನ್ನು ಬೇರೆ ಬೇರೆ ಮಾಡಿ ನೋಡಿ. ಕಪ್ಪನ್ನು ಮರೆಮಾಡಿದಾಗ ಪಠ್ಯವೂ ಪೂರ್ತಿ ಮಾಯವಾಗಬೇಕು.

ಹೆಜ್ಜೆ 5: ಶೀರ್ಷಿಕೆ ಪುಟ

ಇದು ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ. 1757ರ ಆ ಮೊದಲ ಪುಸ್ತಕದ ಶೀರ್ಷಿಕೆ ಪುಟದಲ್ಲಿ ಬಳ್ಳಿ ಇಲ್ಲ, ಹೂವಿಲ್ಲ, ಚೌಕಟ್ಟಿಲ್ಲ. ಬರೀ ದೊಡ್ಡಕ್ಷರಗಳು, ಒಂದಕ್ಕೊಂದು ದೂರ ದೂರ ನಿಂತಿವೆ. ಸುತ್ತ ಬೇಕಾದಷ್ಟು ಬಿಳಿ. ಆ ಕಾಲದ ಪುಸ್ತಕಗಳ ಶೀರ್ಷಿಕೆ ಪುಟ ಸಾಮಾನ್ಯವಾಗಿ ಅಲಂಕಾರದಿಂದ ತುಂಬಿರುತ್ತಿತ್ತು. ಅದರ ಪಕ್ಕದಲ್ಲಿ ಇದನ್ನು ಇಟ್ಟರೆ ಗುಡಿಸಿ ಸಾರಿಸಿದ ಅಂಗಳದ ಹಾಗಿದೆ.

ನೀವೂ ಅದನ್ನೇ ಮಾಡಿ. ಶೀರ್ಷಿಕೆಯನ್ನು ದೊಡ್ಡಕ್ಷರದಲ್ಲಿ ಹಾಕಿ, ಅಕ್ಷರಗಳ ನಡುವೆ ಅಂತರ ಕೊಡಿ. ಪುಟ ಜೋಡಿಸುವ ಸಾಫ್ಟ್‌ವೇರ್ ಇಂಡಿಸೈನ್‌ನಲ್ಲಿ ಟ್ರ್ಯಾಕಿಂಗ್ (ಈ ಅಂತರದ ಅಳತೆ) 80ರಿಂದ 120 ಇಟ್ಟು ನೋಡಿ. ಬೋಲ್ಡ್ ಬೇಡ. ಗಾತ್ರವೂ ಅತಿ ಬೇಡ. ಆಮೇಲೆ ಜೋಡಿ ಜೋಡಿಯಾಗಿ ಕಣ್ಣಾಡಿಸಿ. ಎ ಪಕ್ಕ ವಿ, ಎಲ್ ಪಕ್ಕ ವೈ, ಟಿ ಪಕ್ಕ ಓ ಬಂದಲ್ಲಿ ತೂತು ಬಿದ್ದಂತೆ ಕಾಣುತ್ತದೆ. ಅಲ್ಲಿ ಕರ್ನಿಂಗ್, ಅಂದರೆ ಆ ಒಂದು ಜೋಡಿಯ ನಡುವಿನ ಅಂತರ, ಬಿಗಿ ಮಾಡಿ. ಐ ಪಕ್ಕ ಎಚ್ ಬಂದಲ್ಲಿ ಒತ್ತಿಕೊಂಡಂತೆ ಕಾಣುತ್ತದೆ. ಅಲ್ಲಿ ಸಡಿಲ ಮಾಡಿ. ಹಾಳೆಯನ್ನು ತಲೆಕೆಳಗೆ ಮಾಡಿ ನೋಡಿದರೆ ಪದದ ಅರ್ಥ ಮರೆತು ಅಂತರ ಮಾತ್ರ ಕಣ್ಣಿಗೆ ಬೀಳುತ್ತದೆ. ಪರದೆಯ ಮೇಲೆ ಮಾಡುವವರು ಆ ಸಾಲನ್ನು 180 ಡಿಗ್ರಿ ತಿರುಗಿಸಿ ನೋಡಬಹುದು.

ದೊಡ್ಡಕ್ಷರಕ್ಕೆ ಮಾತ್ರ ಈ ಅಂತರ. ಸಣ್ಣಕ್ಷರದ ಸಾಲಿಗೆ ಕೊಟ್ಟರೆ ಪದಗಳು ಬಿಡಿ ಬಿಡಿಯಾಗುತ್ತವೆ.

ಹೆಜ್ಜೆ 6: ಇಟಾಲಿಕ್, ಬೋಲ್ಡ್, ಅಂಕಿಗಳು

ಬಾಸ್ಕರ್‌ವಿಲ್‌ನ ಇಟಾಲಿಕ್ ಕೈಬರಹಕ್ಕೆ ತುಂಬ ಹತ್ತಿರ. ಕಿರಿದಾಗಿದೆ, ಚುರುಕಾಗಿದೆ, ಕೆಲವು ದೊಡ್ಡಕ್ಷರಗಳಿಗೆ ಬಳುಕೂ ಇದೆ. ಪುಸ್ತಕದ ಹೆಸರು, ಒತ್ತಿ ಹೇಳಬೇಕಾದ ಪದ, ಎರಡು ಮೂರು ಸಾಲಿನ ಉದ್ಧರಣೆ, ಅರ್ಪಣೆ, ಇವುಗಳಿಗೆ ಚೆನ್ನ. ಇಡೀ ಪುಟ ಇಟಾಲಿಕ್ ಆದರೆ ಓದುವವರು ದಣಿಯುತ್ತಾರೆ.

ಬೋಲ್ಡ್ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಮೂಲ ಬಾಸ್ಕರ್‌ವಿಲ್‌ಗೆ ಬೋಲ್ಡ್ ಇರಲೇ ಇಲ್ಲ. ಈಗಿನವು ಆಮೇಲೆ ಸೇರಿಸಿದ್ದು. ಉಪಶೀರ್ಷಿಕೆಗೆ ಸ್ಮಾಲ್ ಕ್ಯಾಪ್ಸ್ (ಸಣ್ಣಕ್ಷರದಷ್ಟೇ ಎತ್ತರದ ದೊಡ್ಡಕ್ಷರ) ಅಥವಾ ಇಟಾಲಿಕ್ ಹಾಕಿ, ಮೇಲೆ ಒಂದು ಸಾಲಿನಷ್ಟು ಖಾಲಿ ಬಿಡಿ. ಸಾಕು. ಪಠ್ಯಪುಸ್ತಕದಂತೆ ತುಂಬ ಹಂತದ ಶೀರ್ಷಿಕೆ ಇದ್ದರೆ ಸೆಮಿಬೋಲ್ಡ್ ಹಾಕಬಹುದು. ಸ್ಮಾಲ್ ಕ್ಯಾಪ್ಸ್ ಕೂಡ ಫಾಂಟಿನಲ್ಲೇ ಇರಬೇಕು. ಇಲ್ಲದಿದ್ದರೆ ಸಾಫ್ಟ್‌ವೇರ್ ದೊಡ್ಡಕ್ಷರವನ್ನೇ ಕುಗ್ಗಿಸುತ್ತದೆ, ಅದು ಪಕ್ಕದ ಅಕ್ಷರಕ್ಕಿಂತ ತೆಳುವಾಗಿ ಬಡಕಲು ಕಾಣುತ್ತದೆ.

ಅಂಕಿಗಳಲ್ಲಿ ಎರಡು ಬಗೆ. ಎಲ್ಲವೂ ಒಂದೇ ಎತ್ತರದವು, ಮತ್ತು ಮೇಲೆ ಕೆಳಗೆ ಚಾಚುವ ಹಳೆಯ ಬಗೆಯವು. ಫಾಂಟಿನಲ್ಲಿ ಎರಡನೆಯದು ಇದ್ದರೆ ಓಡುವ ಪಠ್ಯಕ್ಕೆ ಅದನ್ನೇ ಹಾಕಿ. ಕೋಷ್ಟಕಕ್ಕೆ ಮೊದಲನೆಯದು.

ಹೆಜ್ಜೆ 7: ಜೊತೆಗೆ ಇನ್ನೊಂದು ಫಾಂಟ್

ಹೆಚ್ಚಿನ ಪುಸ್ತಕಗಳಿಗೆ ಎರಡನೆಯದು ಬೇಕಿಲ್ಲ. ಬೇಕಾದರೆ ಸೆರಿಫ್ ಇಲ್ಲದ್ದನ್ನು ಆರಿಸಿ. ಗಿಲ್ ಸ್ಯಾನ್ಸ್ ಚೆನ್ನಾಗಿ ಹೊಂದುತ್ತದೆ, ಎರಡರ ದೊಡ್ಡಕ್ಷರಗಳಿಗೂ ಕಲ್ಲಿನಲ್ಲಿ ಕೆತ್ತಿದ ಗಾಂಭೀರ್ಯ ಇದೆ. ಇನ್ನೊಂದು ಸೆರಿಫ್ ಅಕ್ಷರವನ್ನು ಪಕ್ಕದಲ್ಲಿ ತರಬೇಡಿ, ಅದರಲ್ಲೂ ಟೈಮ್ಸ್ ಬೇಡವೇ ಬೇಡ. ಬೇರೆ ಎಂದೂ ಅನಿಸುವುದಿಲ್ಲ, ಒಂದೇ ಎಂದೂ ಅನಿಸುವುದಿಲ್ಲ.

ಎಲ್ಲಿ ಹೊಂದುತ್ತದೆ, ಎಲ್ಲಿ ಇಲ್ಲ

ಕಾದಂಬರಿ, ಪ್ರಬಂಧ, ಕವಿತೆ, ಇತಿಹಾಸ, ಸಂಶೋಧನಾ ಪ್ರಬಂಧ, ಪ್ರಮಾಣಪತ್ರ, ಪತ್ರದ ತಲೆಬರಹ. ನಂಬಿಕೆ ಹುಟ್ಟಿಸಬೇಕಾದ ಕಡೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕೆನಡಾ ಸರ್ಕಾರದ ಗುರುತಿನಲ್ಲಿ ಧ್ವಜದ ಜೊತೆ ಬರುವ ದೇಶದ ಹೆಸರು ಬಾಸ್ಕರ್‌ವಿಲ್‌ನ ತಿದ್ದಿದ ರೂಪದಲ್ಲೇ ಇದೆ. 2012ರಲ್ಲಿ ಸಿನಿಮಾ ನಿರ್ದೇಶಕ ಎರಲ್ ಮಾರಿಸ್ ನ್ಯೂಯಾರ್ಕ್ ಟೈಮ್ಸ್ ಓದುಗರ ಮೇಲೆ ಒಂದು ಪ್ರಯೋಗ ಮಾಡಿದರು. ಒಂದೇ ಮಾತನ್ನು ಆರು ಫಾಂಟ್‌ಗಳಲ್ಲಿ ಬೇರೆ ಬೇರೆಯವರಿಗೆ ತೋರಿಸಿ, ಇದು ನಿಜವೇ ಎಂದು ಕೇಳಿದರು. ಬಾಸ್ಕರ್‌ವಿಲ್‌ನಲ್ಲಿ ಓದಿದವರು ಉಳಿದವರಿಗಿಂತ ತುಸು ಹೆಚ್ಚಾಗಿ ಒಪ್ಪಿಕೊಂಡರು. ವ್ಯತ್ಯಾಸ ಸಣ್ಣದೇ. ಅದನ್ನೇ ದೊಡ್ಡದು ಮಾಡಿ ಫಾಂಟ್ ಬದಲಿಸಿದರೆ ಜನ ನಂಬಿಬಿಡುತ್ತಾರೆ ಎಂದು ಹೇಳುವುದು ಸರಿಯಲ್ಲ.

ಔಷಧಿ ಡಬ್ಬಿಯ ಮೇಲಿನ ಸಣ್ಣಕ್ಷರ, ರಸ್ತೆ ಫಲಕ, ಅರ್ಜಿ ನಮೂನೆ, ಆ್ಯಪ್‌ನ ಗುಂಡಿಗಳು, ಇಲ್ಲೆಲ್ಲ ಬೇಡ. 8 ಪಾಯಿಂಟಿಗಿಂತ ಕೆಳಗೆ ಇಳಿಸಲೇಬೇಡಿ. ಅಡಿಟಿಪ್ಪಣಿಗೆ 8.5 ಇದ್ದರೆ ನೆಮ್ಮದಿ. ಗಾಢ ಬಣ್ಣದ ಮೇಲೆ ಬಿಳಿ ಅಕ್ಷರ ಅಚ್ಚು ಹಾಕಿಸುವಾಗ ಸುತ್ತಲಿನ ಶಾಯಿ ತೆಳು ಗೆರೆಗಳನ್ನು ನುಂಗುತ್ತದೆ. ಸೆಮಿಬೋಲ್ಡ್ ಉಪಯೋಗಕ್ಕೆ ಬರುವುದು ಇಲ್ಲಿ.

ಹೆಜ್ಜೆ 8: ಅಚ್ಚಿಗೆ ಕೊಡುವ ಮುಂಚೆ

ಒಂದು ಪೂರ್ತಿ ಪುಟವನ್ನು ನಿಜವಾದ ಗಾತ್ರದಲ್ಲಿ, ಪುಸ್ತಕಕ್ಕೆ ಬಳಸುವ ಕಾಗದದ ಮೇಲೆಯೇ ತೆಗೆಸಿ. ಪರದೆಯಲ್ಲಿ ಹಿಗ್ಗಿಸಿ ನೋಡಿದ್ದು ಲೆಕ್ಕಕ್ಕಿಲ್ಲ. ಅದೇ ಪುಟವನ್ನು 10.5, 11, 11.5 ಪಾಯಿಂಟ್‌ಗಳಲ್ಲಿ ಮೂರು ಹಾಳೆ ಮಾಡಿ, ಓದುವ ಹವ್ಯಾಸ ಇರುವ ಒಬ್ಬರಿಗೆ ಕೊಡಿ. ಫಾಂಟಿನ ಹೆಸರು ಹೇಳಬೇಡಿ.

ಹೆಸರು ಹೇಳಬೇಡಿ ಅನ್ನುವುದಕ್ಕೆ ಕಾರಣ ಇದೆ. ಬಾಸ್ಕರ್‌ವಿಲ್ ಬದುಕಿದ್ದಾಗಲೇ ಆತನ ಅಕ್ಷರದ ಮೇಲೆ ದೂರಿತ್ತು. ಗೆರೆಗಳು ತೀರ ತೆಳು, ಓದಿದರೆ ಕಣ್ಣು ಹಾಳಾಗುತ್ತದೆ ಎಂದು ಒಬ್ಬ ಮಹನೀಯ ಬೆಂಜಮಿನ್ ಫ್ರ್ಯಾಂಕ್ಲಿನ್ ಮುಂದೆ ವಾದ ಮಾಡಿದ. ಫ್ರ್ಯಾಂಕ್ಲಿನ್ ಸ್ವತಃ ಮುದ್ರಕ. ಇನ್ನೊಬ್ಬ ಅಚ್ಚುಮೊಳೆಗಾರ ಕ್ಯಾಸ್ಲನ್‌ನ ಒಂದು ಮಾದರಿ ಹಾಳೆಯ ಮೇಲ್ಭಾಗ ಹರಿದು, ಇದು ಬಾಸ್ಕರ್‌ವಿಲ್‌ದು ಎಂದು ಆತನ ಕೈಗಿಟ್ಟರು. ಆತ ಅದರಲ್ಲೇ ಒಂದೊಂದಾಗಿ ತಪ್ಪು ತೋರಿಸಿದ, ಕಣ್ಣು ನೋಯುತ್ತಿದೆ ಎಂದೂ ಹೇಳಿದ. ಈ ಪ್ರಸಂಗವನ್ನು ಫ್ರ್ಯಾಂಕ್ಲಿನ್ 1760ರಲ್ಲಿ ಬಾಸ್ಕರ್‌ವಿಲ್‌ಗೆ ಪತ್ರ ಬರೆದು ತಿಳಿಸಿದರು.

ಹಾಗಾಗಿ ಓದಿದವರ ಬಳಿ ಫಾಂಟ್ ಹೇಗಿದೆ ಎಂದು ಕೇಳಬೇಡಿ. ಯಾವ ಹಾಳೆಯಲ್ಲಿ ಸಾಲು ತಪ್ಪಿತು, ಎಲ್ಲಿ ಹಿಂದಕ್ಕೆ ಹೋಗಿ ಮತ್ತೆ ಓದಬೇಕಾಯಿತು ಎಂದು ಕೇಳಿ. ಸಾಲು ತಪ್ಪಿದರೆ ಅಂತರ ಹೆಚ್ಚಿಸಿ. ಪುಟ ಮಂಕಾಗಿದೆ ಎಂದರೆ ಗಾತ್ರ ಅರ್ಧ ಪಾಯಿಂಟ್ ಏರಿಸಿ ಮತ್ತೊಂದು ಹಾಳೆ ತೆಗೆಸಿ. ಅದೂ ಮಂಕಾಗಿದ್ದರೆ ಕಾಗದ ಬದಲಿಸಿ.